ಕಂಪ್ಯೂಟರ್‌ನಲ್ಲಿ ಚೀಟಿ ಎತ್ತಿದ್ದು: 20 ಕುಂಡಗಳ ನನ್ನ ಅನುಭವ

2017ರಲ್ಲಿ ಎಂ.ಎಸ್ಸಿ. ಓದುವಾಗ ಟೊಮೆಟೊ ಸಸಿಗಳ ಮೇಲೆ ಒಂದು ಕುಂಡ ಪ್ರಯೋಗ ಮಾಡಿದೆ. ಎರೆಗೊಬ್ಬರದ ನಾಲ್ಕು ಪ್ರಮಾಣ, ಗೊಬ್ಬರ ಹಾಕದ ಒಂದು ಕಂಟ್ರೋಲ್. 5 ಟ್ರೀಟ್‌ಮೆಂಟ್, ತಲಾ 4 ಕುಂಡ, ಒಟ್ಟು 20. ಮಣ್ಣು, ನೀರು, ನೆರಳು ಎಲ್ಲಕ್ಕೂ ಒಂದೇ. ಹಾಗಾಗಿ ಸಿಆರ್‌ಡಿ ಸಾಕು ಎಂದುಕೊಂಡೆ. ಯಾವ ಜಾಗಕ್ಕೆ ಯಾವ ಟ್ರೀಟ್‌ಮೆಂಟ್ ಅಂತ ಪೂರ್ತಿ ಚೀಟಿ ಎತ್ತಿಯೇ ತೀರ್ಮಾನಿಸುವ ವಿನ್ಯಾಸ ಅದು.

ಅಂಕಿಅಂಶ ಲೆಕ್ಕಕ್ಕೆ ಬಳಸುವ ಆರ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಮೂರು ಸಾಲು ಸಾಕು. ಮೊದಲು ಸೆಟ್ ಸೀಡ್ ಕೊಟ್ಟು ಒಂದು ಸಂಖ್ಯೆ ಹಾಕಿದೆ; ಈ ಸಂಖ್ಯೆಯೇ ಸೀಡ್, ಮತ್ತೆ ಅದನ್ನೇ ಕೊಟ್ಟರೆ ಅದೇ ಪಟ್ಟಿ ಬರಬೇಕು. ರೆಪ್ ಬಳಸಿ ಐದು ಹೆಸರುಗಳನ್ನು ನಾಲ್ಕು ನಾಲ್ಕು ಸಲ ಬರೆಸಿದೆ. ಸ್ಯಾಂಪಲ್ ಕೊಟ್ಟು ಕಲೆಸಿದೆ. ಅಗ್ರಿಕೋಲೆ ಪ್ಯಾಕೇಜ್ ಹಾಕಿಕೊಂಡರೆ ಡಿಸೈನ್ ಸಿಆರ್‌ಡಿ ಎಂಬ ಫಂಕ್ಷನ್ ಪ್ಲಾಟ್ ನಂಬರ್ ಸಮೇತ ಪಟ್ಟಿಯನ್ನೇ ಕೊಡುತ್ತದೆ.

ಪಟ್ಟಿ ನೋಡಿ ಬೇಜಾರಾಯಿತು. ಮೂರನೇ ಟ್ರೀಟ್‌ಮೆಂಟಿನ ಮೂರು ಕುಂಡಗಳು ಒಂದರ ಪಕ್ಕ ಒಂದು, ಅದೂ ಬಾಗಿಲ ಹತ್ತಿರ. ಸೀಡ್ ಬದಲಿಸಿ ಇನ್ನೊಮ್ಮೆ ಓಡಿಸೋಣ ಅನ್ನಿಸಿತು. ನಮ್ಮ ಗೈಡ್ ಬೇಡ ಅಂದರು. "ಇಷ್ಟವಾಗೋ ತನಕ ಎತ್ತಿದರೆ ಅದು ಚೀಟಿ ಹೇಗಾಗುತ್ತಮ್ಮ?" ಈ 20 ಕುಂಡಗಳನ್ನು 30,554 ಕೋಟಿ ಬಗೆಯಲ್ಲಿ ಜೋಡಿಸಬಹುದು. ಎಲ್ಲಕ್ಕೂ ಸಮಾನ ಅವಕಾಶ ಇದ್ದರೆ ಮಾತ್ರ, ಟ್ರೀಟ್‌ಮೆಂಟ್‌ಗಳ ನಡುವೆ ನಿಜವಾಗಿ ವ್ಯತ್ಯಾಸ ಇದೆಯೇ ಎಂದು ನೋಡಲು ಆಮೇಲೆ ಹಾಕುವ ಎಫ್ ಪರೀಕ್ಷೆಗೆ ಬೆಲೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಹಟ ಹಿಡಿದು ಹೇಳಿದ್ದೂ ಇದನ್ನೇ. ಬಾಗಿಲ ಬೆಳಕಿನ ಬಗ್ಗೆ ಅನುಮಾನ ಇದ್ದಿದ್ದರೆ ಚೀಟಿಗೂ ಮೊದಲೇ ಹೇಳಿ, ಜಾಗವನ್ನು ನಾಲ್ಕು ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನಲ್ಲೂ ಐದು ಟ್ರೀಟ್‌ಮೆಂಟ್ ಒಂದೊಂದು ಸಲ ಬರುವಂತೆ ಚೀಟಿ ಎತ್ತುವ ಆರ್‌ಸಿಬಿಡಿ ಹಾಕಬೇಕಿತ್ತು. ಆಗ ಎರರ್ ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ಆಕಸ್ಮಿಕ ಏರುಪೇರನ್ನು ಅಂದಾಜು ಮಾಡಲು ಉಳಿಯುವ ಮಾಹಿತಿಯ ಲೆಕ್ಕ, 15ರಿಂದ 12ಕ್ಕೆ ಇಳಿಯುತ್ತಿತ್ತು. ಬೆಳಕಿನ ವ್ಯತ್ಯಾಸ ನಿಜವಾಗಿ ಇದ್ದರೆ ಅದು ದುಬಾರಿ ಅಲ್ಲ. ನಾನು ಬೆಳಕು ಅಳೆದು ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬಂದ ಪಟ್ಟಿಯನ್ನೇ ಉಳಿಸಿಕೊಂಡೆ.

2020ರಲ್ಲಿ ಹೊಸ ಲ್ಯಾಪ್‌ಟಾಪ್‌ನಲ್ಲಿ ಅದೇ ಸೀಡ್ ಹಾಕಿದರೆ ಬೇರೆ ಪಟ್ಟಿ ಬಂತು! ಎದೆ ಧಸಕ್ಕೆಂದಿತು. ಕಾರಣ ಹುಡುಕಿದಾಗ ಗೊತ್ತಾಯಿತು: 2019ರಲ್ಲಿ ಬಂದ ಆರ್ 3.6.0ರಿಂದ ಸ್ಯಾಂಪಲ್ ಒಳಗಿನ ಲೆಕ್ಕದ ವಿಧಾನವೇ ಬದಲಾಗಿದೆ. ಆ ವಿಧಾನ ಆರಿಸುವ ಆರ್‌ಎನ್‌ಜಿ ಕೈಂಡ್ ಎಂಬ ಫಂಕ್ಷನ್‌ನಲ್ಲಿ ಸ್ಯಾಂಪಲ್ ಕೈಂಡ್ ಅನ್ನು ರೌಂಡಿಂಗ್ ಎಂದು ಕೊಟ್ಟೆ, ಹಳೇ ಪಟ್ಟಿ ಹಾಗೇ ಬಂತು. ಈಗ ಸೀಡ್ ಜೊತೆ ವರ್ಷನ್ ಕೂಡ ನೋಟ್‌ಬುಕ್ಕಲ್ಲಿ ಬರೆಯುತ್ತೇನೆ, ಪಟ್ಟಿಯನ್ನು ಪ್ರಿಂಟ್ ತೆಗೆದು ಅಂಟಿಸುತ್ತೇನೆ.

ಇನ್ನೊಂದು ವಿಷಯ, ಅಳತೆಯಲ್ಲಿ ಪಕ್ಷಪಾತ ಬರದಂತೆ ನೋಡಿಕೊಂಡಿದ್ದು. ಕುಂಡದ ಮೇಲೆ ನಾನು ಬರೆದಿದ್ದು 1ರಿಂದ 20ರ ತನಕ ನಂಬರ್ ಮಾತ್ರ. ಯಾವುದಕ್ಕೆ ಎಷ್ಟು ಗೊಬ್ಬರ ಅನ್ನುವುದು ನೋಟ್‌ಬುಕ್ಕಲ್ಲಿ ಇತ್ತು. ಗಿಡದ ಎತ್ತರ ಅಳೆದುಕೊಟ್ಟ ಗೆಳತಿಗೆ ಕೊನೇ ದಿನದವರೆಗೂ ಅದು ಗೊತ್ತಿರಲಿಲ್ಲ.