ಗುಂಡಿಗೆ ಬಿದ್ದವರ ಕ್ಲೇಮು ಕೋರ್ಟಿಗೆ ಹೋಗೋ ಮೊದ್ಲೇ ಮುಗಿಸಿದ್ದು: ನನ್ನ ಅನುಭವ

ನಾನು ಪುಣೆ ಜಿಲ್ಲೆಯ ಒಂದು ನಗರಪರಿಷತ್ತಿನ ಪ್ಯಾನೆಲ್ ವಕೀಲೆ, ಅಂದ್ರೆ ಪರಿಷತ್ತಿನ ಪರ ಕೇಸು ನಡೆಸೋಳು, ಊರು ಧಾರವಾಡ, ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಬೆಳಗಾವಿ, ವಿಜಯಪುರ ಕಡೆ ಪುರಸಭೆ ಕೇಸು ನೋಡೋ ಗೆಳೆಯರು ಊರಿಗೆ ಹೋದಾಗೆಲ್ಲ ಕೇಳ್ತಾರೆ, ಗುಂಡಿ, ಮರ ಅಂತ ಬರೋ ದೂರುಗಳಿಗೆ ನೀನು ಏನೋ ರಜಿಸ್ಟರ್ ಮಾಡಿದ್ಯಂತಲ್ಲ, ಹೆಂಗೆ ಅಂತ. ನೋಟಿಸು, ರಿಟನ್ ಸ್ಟೇಟ್‌ಮೆಂಟು, ಪಂಚನಾಮೆ ಇದೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಟ್ಟು ನಾನು ಮಾಡಿದ್ದು ಮಾತ್ರ ಬರೀತೀನಿ.

ಹಳೇ ರೀತಿ ಹೆಂಗಿತ್ತು ಅಂದ್ರೆ, ಯಾರೋ ಚರಂಡಿ ಚೇಂಬರ್‌ಗೆ ಬಿದ್ದು ಕಾಲು ಮುರ್ಕೊಂಡು ಕ್ಲೇಮ್ ಹಾಕಿದ್ರು ಅನ್ಕೊಳ್ಳಿ, ಮೊದ್ಲು ಮಹಾರಾಷ್ಟ್ರದ 1965ರ ನಗರಪರಿಷತ್ ಕಾಯ್ದೆಯ 304ನೇ ಕಲಂ ಹಿಡ್ಕೊಂಡು, ಕೇಸಿಗೆ ಮುಂಚೆ ಒಂದು ತಿಂಗಳ ನೋಟಿಸ್ ಕೊಟ್ಟಿಲ್ಲ, ಘಟನೆ ಆಗಿ ಆರು ತಿಂಗಳು ದಾಟಿದೆ ಅಂತ ಪರಿಷತ್ತಿನ ತಕರಾರು, ಅದು ನಿಲ್ಲಲಿಲ್ಲ ಅಂದ್ರೆ ರಸ್ತೆ ಪಿಡಬ್ಲ್ಯೂಡಿದು, ಅದೂ ನಿಲ್ಲಲಿಲ್ಲ ಅಂದ್ರೆ ಬಿದ್ದವನೇ ಸ್ಪೀಡಾಗಿ ಬಂದ. ಹಿಂಗೇ ಎಂಟೊಂಬತ್ತು ವರ್ಷ ಎಳೆದ ಒಂದು ಫೈಲ್ ನನ್ನ ಕೈಗೆ ಬಂದಿತ್ತು. ಆ ಮನುಷ್ಯ ಮೊದ್ಲು ಬರೇ ಆಸ್ಪತ್ರೆ ಬಿಲ್ಲು ಕೇಳಿದ್ದ, ನಲ್ವತ್ತು ನಲ್ವತ್ತೈದು ಸಾವಿರ. ಕಡೆಗೆ ಡಿಕ್ರಿ, ಬಡ್ಡಿ, ಅಪೀಲಿನ ಖರ್ಚು, ವಕೀಲರ ಫೀ ಎಲ್ಲ ಸೇರಿ ಪರಿಷತ್ತಿಗೆ ಏಳು ಲಕ್ಷದ ಹತ್ರ ಬಿತ್ತು. ಇನ್ನು ಹೈಕೋರ್ಟಿಗೆ ರಿಟ್ ಹಾಕಿದ್ರೆ 304 ಗಿಂತ ದೊಡ್ಡ ಪ್ರಶ್ನೆ ಎದುರಿಗಿರುತ್ತೆ, ಸುಪ್ರೀಂ ಕೋರ್ಟಿನ 1993ರ ನೀಲಬತಿ ಬೆಹೆರಾ ತೀರ್ಪಿನಿಂದ ಈಚೆ ಸಂವಿಧಾನದ 21ನೇ ವಿಧಿ, ಅಂದ್ರೆ ಬದುಕೋ ಹಕ್ಕಿನ ಉಲ್ಲಂಘನೆ ಅಂತಾದ್ರೆ ರಿಟ್‌ನಲ್ಲೇ ಪರಿಹಾರ ಕೊಡ್ತಾರೆ. ಅಂದ್ರೆ ಟೆಕ್ನಿಕಲ್ ತಕರಾರು ಬಡವರ ಸಣ್ಣ ಕ್ಲೇಮನ್ನಷ್ಟೇ ತಡೆಯುತ್ತೆ, ನಮಗೆ ನಿಜವಾಗಿ ಭಾರ ಆಗೋ ಕೇಸನ್ನ ತಡೆಯಲ್ಲ. ನನಗೆ ಅದು ಸರಿ ಅನಿಸ್ಲೇ ಇಲ್ಲ.

ನಾನು ಶುರು ಮಾಡಿದ್ದು ಮೂರು ಕಾಲಂನ ಒಂದು ದಪ್ಪ ರಜಿಸ್ಟರ್. ನಮಗೆ ಗೊತ್ತಾಗಿದ್ದು ಯಾವಾಗ, ಹೋಗಿ ನೋಡಿದ್ದು ಯಾವಾಗ, ಸರಿ ಮಾಡಿದ್ದು ಯಾವಾಗ. ಗುಂಡಿ, ಚೇಂಬರ್, ಒಣಗಿದ ಮರ, ವಾಲಿದ ಗೋಡೆ, ಹೋರ್ಡಿಂಗ್, ಬೀದಿ ದೀಪದ ಕಂಬ, ಎಲ್ಲ ಒಂದೇ ಪುಸ್ತಕದಲ್ಲಿ. ವಾಟ್ಸಾಪಲ್ಲಿ ಕಾರ್ಪೊರೇಟರ್ ಕಳಿಸಿದ ಫೋಟೋನೂ 'ಗೊತ್ತಾಗಿದ್ದು' ಅಂತಲೇ ಲೆಕ್ಕ, ಸಮಯದ ಸಮೇತ. ಮುಕಾದಮ (ಕೆಲಸಗಾರರ ಮೇಲ್ವಿಚಾರಕ) ಹೋಗಿ ನೋಡಿದಾಗ ಜಿಪಿಎಸ್ ಕ್ಯಾಮೆರಾ ಆಪಲ್ಲಿ ಫೋಟೋ, ಪಕ್ಕದಲ್ಲಿ ಅಳತೆಗೆ ಟೇಪು, ಹಿಂದೆ ಒಂದು ಅಂಗಡಿ ಬೋರ್ಡೋ ಮನೆ ಗೇಟೋ ಕಾಣ್ಬೇಕು. ವಾರಕ್ಕೊಮ್ಮೆ ಪುಟಗಳನ್ನ ಸ್ಕ್ಯಾನ್ ಮಾಡಿ, ಫೋಟೋ ಸೇರಿಸಿ ಒಂದು ಪಿಡಿಎಫ್, ಅದರ ಹ್ಯಾಶ್ ವ್ಯಾಲ್ಯೂನ (ಫೈಲ್ ಒಂಚೂರು ತಿದ್ದಿದ್ರೂ ಬದಲಾಗೋ ಗುರುತಿನ ಸಂಖ್ಯೆ) ಮುಂದಿನ ಪುಟದಲ್ಲಿ ಪೆನ್ನಲ್ಲಿ ಬರೆದು ಸಹಿ. 2023ರ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡೋ ಸರ್ಟಿಫಿಕೇಟಲ್ಲಿ ಈಗ ಹ್ಯಾಶ್ ಕೇಳ್ತಾರೆ, ಮೂರು ವರ್ಷ ಆದ್ಮೇಲೆ ಯಾರದೋ ಹಳೇ ಮೊಬೈಲ್ ಹುಡುಕ್ಕೊಂಡು ಕೂರೋಕಾಗಲ್ಲ. ಪುಟ ನಂಬರ್ ಹಾಕೋ ಕ್ರಮದಲ್ಲಿ ನಂದೊಂದು ವಿಧಾನ ಇದೆ, ನಡುವೆ ಹಾಳೆ ತುರುಕಿದ್ರೆ ತಕ್ಷಣ ಗೊತ್ತಾಗೋ ಹಂಗೆ, ಅದನ್ನ ಇಲ್ಲಿ ಬಿಡಿಸಿ ಹೇಳಲ್ಲ.

ಇದಕ್ಕೆ ಬಂದ ವಿರೋಧ ಅಷ್ಟಿಷ್ಟಲ್ಲ. ಇಂಜಿನಿಯರ್‌ಗಳದ್ದು ಒಂದೇ ಮಾತು, ಬರೆದಿಟ್ರೆ ನಾಳೆ ಆರ್‌ಟಿಐ ಹಾಕಿ ಅದನ್ನೇ ನಮ್ಮ ಕುತ್ತಿಗೆಗೆ ತರ್ತಾರೆ. ವಕೀಲರ ಸಂಘದಲ್ಲಿ ಹಿರಿಯರೊಬ್ಬರು ನೇರವಾಗಿ ಹೇಳಿದ್ರು, ಎದುರು ಪಾರ್ಟಿಗೆ ಸಾಕ್ಷಿ ನೀನೇ ತಯಾರು ಮಾಡಿ ಕೊಡ್ತಿದೀಯಲ್ಲಮ್ಮ ಅಂತ. ಅವರೆಲ್ಲ ನಂಬ್ಕೊಂಡಿದ್ದು 1997ರ ರಾಜಕೋಟ್ ಮಹಾನಗರಪಾಲಿಕೆ ಕೇಸು, ರಸ್ತೆ ಬದಿ ಮರ ಬಿದ್ದು ದಾರಿಲಿ ಹೋಗ್ತಿದ್ದವರು ತೀರ್ಕೊಂಡ್ರೂ ಪಾಲಿಕೆ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು. ನಾನು ಎದುರಿಗಿಟ್ಟಿದ್ದು 1966ರ ಸುಭಗ್ವಂತಿ ಕೇಸು, ದಿಲ್ಲಿ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದಿದ್ದು. ಗೋಪುರಕ್ಕೆ ಸುಮಾರು 80 ವರ್ಷ ವಯಸ್ಸು, ಸರಿಯಾಗಿ ಯಾರೂ ತಪಾಸಣೆ ಮಾಡಿರ್ಲಿಲ್ಲ, ದೋಷ ಹೊರಗೆ ಕಾಣ್ತಿರ್ಲಿಲ್ಲ ಅನ್ನೋ ವಾದ ದಿಲ್ಲಿ ಮುನಿಸಿಪಲ್ ಕಮಿಟಿಯನ್ನ ಉಳಿಸಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ, ರಾಜಕೋಟ್ ಕೇಸು ಆಸರೆ ಆಗೋದು ಆ ಮರದ ಬಗ್ಗೆ ಯಾರೂ ಒಂದು ಮಾತೂ ಹೇಳದೆ ಇದ್ದಾಗ, ಈಗ ಪ್ರತಿ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗ್ರೂಪಲ್ಲೂ ಫೋಟೋ ಓಡಾಡ್ತಿರುತ್ತೆ, ಗೊತ್ತಿರ್ಲಿಲ್ಲ ಅಂತ ಹೇಳೋ ಕಾಲ ಹೋಯ್ತು. ಬರೀದಿದ್ರೆ ಜನರ ಫೋಟೋ ಮಾತ್ರ ಕೋರ್ಟಲ್ಲಿರುತ್ತೆ, ನಾವು ಎರಡನೇ ದಿನ ಹೋಗಿ ಬ್ಯಾರಿಕೇಡ್ ಹಾಕಿದ್ದು ಎಲ್ಲೂ ಇರಲ್ಲ.

ಎರಡನೇ ಭಾಗ ದುಡ್ಡಿಂದು. ಏನಾದ್ರೂ ಆದ್ರೆ ಒಂದು ವಾರದೊಳಗೆ ನಾನೋ ನನ್ನ ಜೂನಿಯರೋ ಅವರ ಮನೆಗೇ ಹೋಗ್ಬೇಕು ಅಂತ ಮಾಡ್ಕೊಂಡೆ. ಒಂದ್ಸಲ ಮಳೆಗಾಲದಲ್ಲಿ ಗುಲ್‌ಮೊಹರ್ ಕೊಂಬೆ ಮುರಿದು ನಿಂತಿದ್ದ ಆಟೋ ಮೇಲೆ ಬಿತ್ತು, ಆ ಕೊಂಬೆ ಬಗ್ಗೆ ದೂರು ಬಂದು ನಮ್ಮ ಪುಸ್ತಕದಲ್ಲಿ ಮೂರ್ನಾಲ್ಕು ವಾರ ಆಗಿತ್ತು, 'ಸರಿ ಮಾಡಿದ್ದು' ಕಾಲಂ ಖಾಲಿ. ಅಂದ್ರೆ ನಮ್ಮ ಹೊಣೆ ಅನ್ನೋದ್ರಲ್ಲಿ ಅನುಮಾನವೇ ಇರ್ಲಿಲ್ಲ. ಹೋದ್ರೆ ಆಟೋದವನು ಇಂಡಿ ತಾಲ್ಲೂಕಿನ ಹುಡುಗ, ನನ್ನ ಮರಾಠಿ ಕೇಳಿ ನೀವು ಧಾರವಾಡದ ಕಡೇರಾ ಅಂದ. ಹುಡ್ ಹರಿದು, ಮುಂದಿನ ಗಾಜು ಒಡೆದು, ಕಂಬಿ ಬಾಗಿತ್ತು, ಅವನ ಹೆಂಡ್ತಿ ಒಳಗಿಂದ ಗ್ಯಾರೇಜಿನ ಚೀಟಿ ತಂದು ತೋರಿಸಿದ್ಳು, ಹದಿನೆಂಟು ಸಾವಿರದ ಅಂದಾಜು. ಪಕ್ಕದ ಏರಿಯಾದ ಯಾರೋ ಏಜೆಂಟ್ ಬಂದು ಎರಡು ಲಕ್ಷದ ಕೇಸ್ ಹಾಕೋಣ ಅಂದು ಹೋಗಿದ್ನಂತೆ. "ಅಕ್ಕಾರ, ಕೋರ್ಟು ಗೀರ್ಟು ನಮಗ ನೀಗೂದುಲ್ರಿ. ಗಾಡಿ ರಿಪೇರಿ ಆಗಿ, ನಿಂತ ದಿವಸದ ಪಗಾರ ಬಂದ್ರ ಸಾಕ್ರಿ, ಫೈನಾನ್ಸಿನವ್ರು ಹಪ್ತಾ ಬಿಡಂಗಿಲ್ಲ" ಅಂದ. ಗ್ಯಾರೇಜ್ ಬಿಲ್ಲು, ನಿಂತ ದಿನಗಳ ದುಡಿಮೆ ಸೇರಿಸಿ ಇಪ್ಪತ್ತೈದು ಸಾವಿರದ ಆಸುಪಾಸಿಗೆ ಮುಗೀತು. ಇದೇ ಕೇಸು ಹಳೇ ದಾರಿಲಿ ಹೋಗಿದ್ರೆ ನಮ್ಮ ಕಡೆ ವಕೀಲರ ಫೀ ಒಂದೇ ಅದರ ಎರಡು ಪಟ್ಟು ಆಗ್ತಿತ್ತು, ಅವನ ಗಾಡಿ ಫೈನಾನ್ಸಿನವ್ರ ಪಾಲಾಗ್ತಿತ್ತು.

ಆದ್ರೆ ಕೊಡೋದು ಹೆಂಗೆ? ಮುಖ್ಯಾಧಿಕಾರಿ ಯಾರೂ ಸುಮ್ನೆ ಚೆಕ್ಕಿಗೆ ಸಹಿ ಹಾಕಲ್ಲ, ಹಾಕಿದ್ರೆ ಲೋಕಲ್ ಫಂಡ್ ಆಡಿಟಲ್ಲಿ ಆಕ್ಷೇಪಣೆಯ ಪ್ಯಾರಾ ಗ್ಯಾರಂಟಿ, ವಸೂಲಿ ಅವರ ಸಂಬಳದಿಂದಲೇ. ಮೊದಲನೇ ವರ್ಷ ಪರಿಷತ್ ಸಭೆಲಿ ಠರಾವು (ನಿರ್ಣಯ) ಮಾಡಿಸಿ ಕೊಡೋ ಪ್ರಯತ್ನ ಮಾಡಿದ್ವಿ, ಎರಡು ಮೀಟಿಂಗಲ್ಲಿ ಬಿದ್ದೋಯ್ತು. ಸದಸ್ಯರೆಲ್ಲ ಒಂದ್ಸಲ ಕೊಟ್ರೆ ನಾಳೆ ಕ್ಯೂ ನಿಲ್ತಾರೆ ಅಂದ್ರು. ಕಡೆಗೆ ಹಿಡಿದಿದ್ದು ಲೋಕ ಅದಾಲತ್. 1987ರ ಕಾನೂನು ಸೇವೆಗಳ ಕಾಯ್ದೆಲಿ ಇನ್ನೂ ಕೋರ್ಟಿಗೇ ಹೋಗದ ವ್ಯಾಜ್ಯಾನೂ ಲೋಕ ಅದಾಲತ್ತಿಗೆ ತರಬಹುದು, ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಡಿಕ್ರಿ ಪ್ರಕಾರ ಕೊಟ್ಟಿದ್ದು ಅಂದ್ಮೇಲೆ ಆಡಿಟರ್ ಏನಂತ ಬರೀತಾರೆ? ನಾನು ನೋಡಿದ ಹಾಗೆ ಈವರೆಗೆ ಒಂದೂ ಪ್ಯಾರಾ ಬಂದಿಲ್ಲ. ಚರಂಡಿ, ನೀರಿನ ಪೈಪಿಗೆ ಸಂಬಂಧಪಟ್ಟಿದ್ದಾದ್ರೆ ಕಾಯಂ ಲೋಕ ಅದಾಲತ್ತೂ ಇದೆ, ನೀರು ಸರಬರಾಜು, ನೈರ್ಮಲ್ಯ ಎರಡೂ ಅದೇ ಕಾಯ್ದೆಯ 22ಎ ಕಲಂನ ಪಬ್ಲಿಕ್ ಯುಟಿಲಿಟಿ (ಸಾರ್ವಜನಿಕ ಸೇವೆ) ಪಟ್ಟಿಲಿವೆ. ರಾಜಿ ಅರ್ಜಿ ಜೊತೆ ಇಡೋ ಟಿಪ್ಪಣಿ ಹೆಂಗೆ ಬರೀಬೇಕು ಅನ್ನೋದ್ರಲ್ಲಿ ಪೂರ್ತಿ ಆಟ ಇದೆ, ತಪ್ಪು ಒಪ್ಕೊಂಡ ಹಂಗೂ ಆಗ್ಬಾರ್ದು, ದಾನ ಕೊಟ್ಟ ಹಂಗೂ ಕಾಣ್ಬಾರ್ದು, ಆ ನಾಲ್ಕು ಸಾಲು ನನ್ನ ಹತ್ರಾನೇ ಇರ್ಲಿ.

ಕ್ಯೂ ನಿಲ್ಲಲಿಲ್ಲ. ನಮ್ಮದು ಎಂಬತ್ತು ಸಾವಿರದ ಹತ್ರ ಜನಸಂಖ್ಯೆ ಇರೋ ಊರು, ವರ್ಷಕ್ಕೆ ಇಪ್ಪತ್ತೈದೋ ಮೂವತ್ತೋ ಕ್ಲೇಮ್, ಅದರಲ್ಲಿ ಮೂರನೇ ಒಂದು ಭಾಗ ಪುಸ್ತಕ ತೆಗೆದು ತೋರಿಸಿದ ತಕ್ಷಣ ನಿಲ್ಲುತ್ತೆ, ಯಾಕಂದ್ರೆ ಆ ಜಾಗ ಅವತ್ತು ಸರಿಯಿತ್ತು ಅನ್ನೋ ಫೋಟೋ ಇರುತ್ತೆ.

ದುಡ್ಡು ಸುರಿದು ಕೈ ಸುಟ್ಕೊಂಡ ಪ್ರಯೋಗಗಳೂ ಇವೆ. ಒಬ್ಬ ವೆಂಡರ್ ಎರಡು ಲಕ್ಷ ಚಿಲ್ಲರೆಗೆ ಆಪ್ ಮಾಡಿಕೊಟ್ಟ, ಮುಕಾದಮರಿಗೆ ಅದರಲ್ಲಿ ಹನ್ನೊಂದು ಸ್ಕ್ರೀನ್ ದಾಟೋಕೆ ತಾಳ್ಮೆ ಇಲ್ಲ, ಎರಡನೇ ವರ್ಷ ಸರ್ವರ್ ದುಡ್ಡು ಕಟ್ಲಿಲ್ಲ ಅಂತ ಡೇಟಾನೇ ನಿಂತೋಯ್ತು. ಮತ್ತೆ ಪುಸ್ತಕಕ್ಕೇ ಬಂದ್ವಿ. ಇನ್ಶೂರೆನ್ಸ್ ಕೂಡ ನೋಡಿದೆ, ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಂದ್ರೆ ನಮ್ಮಿಂದ ಜನರಿಗಾದ ಹಾನಿ ಭರಿಸೋದು. ಕೋಟ್ ಬಂದಿದ್ದು ವರ್ಷಕ್ಕೆ ಮೂರೂವರೆ ಲಕ್ಷದ ಸುತ್ತ, ಮೇಲೆ ಜಿಎಸ್‌ಟಿ, ಒಂದು ಅಪಘಾತಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ಅಂತ ಮಿತಿ, ನಮ್ಮ ಕೈಯಿಂದ ಮೊದ್ಲು ಭರಿಸೋ ಎಕ್ಸೆಸ್ ಬೇರೆ. ಎಲ್ಲಾ ಓದಿ ನೋಡಿದ್ರೆ ರಸ್ತೆ ನಿರ್ವಹಣೆಯನ್ನೇ ಹೊರಗಿಟ್ಟಿದ್ರು, ನಮಗೆ ಬರೋ ಕ್ಲೇಮಲ್ಲಿ ಮುಕ್ಕಾಲು ಪಾಲು ರಸ್ತೆದು! ಸಭಾಭವನ, ಗಾರ್ಡನ್, ಸ್ವಿಮ್ಮಿಂಗ್ ಪೂಲಿಗೆ ಮಾತ್ರ ಚಿಕ್ಕ ಪಾಲಿಸಿ ಇಟ್ಕೊಂಡು ಉಳಿದಿದ್ದು ಬಿಟ್ವಿ.

ನಿಜವಾದ ದುಡ್ಡು ಇರೋದು ಕಂಟ್ರಾಕ್ಟರ್ ಹತ್ರ. ಡಿಫೆಕ್ಟ್ ಲಯಬಿಲಿಟಿ ಅವಧಿಲಿರೋ, ಅಂದ್ರೆ ದೋಷ ಬಂದ್ರೆ ಕಂಟ್ರಾಕ್ಟರೇ ಸರಿ ಮಾಡ್ಬೇಕಾದ ರಸ್ತೆಗಳ ಪಟ್ಟಿ ಯಾರ ಹತ್ರನೂ ಒಂದು ಕಡೆ ಇರ್ಲಿಲ್ಲ, ಬಿಲ್ಲಿನ ಫೈಲಲ್ಲೊಂದು ಟೆಂಡರ್ ಫೈಲಲ್ಲೊಂದು. ಅದನ್ನ ಕೂಡಿಸಿ ರಜಿಸ್ಟರ್ ಹಿಂದೆ ಅಂಟಿಸಿದೆ, ಆ ರಸ್ತೆಲಿ ಗುಂಡಿ ಬಿದ್ದ ದಿನವೇ ಕಂಟ್ರಾಕ್ಟರ್‌ಗೆ ಈಮೇಲ್, ಯಾರಿಗಾದ್ರೂ ಪರಿಹಾರ ಕೊಟ್ರೆ ಸೆಕ್ಯುರಿಟಿ ಡಿಪಾಸಿಟಿಂದ ಕಡಿತ. ಕೇಬಲ್, ಗ್ಯಾಸ್ ಅಂತ ರಸ್ತೆ ಅಗೆಯೋರದ್ದು ಇನ್ನೂ ಕಷ್ಟ. ಒಂದು ದೊಡ್ಡ ಕೇಬಲ್ ಕಂಪನಿ ಟ್ರೆಂಚ್ ಮುಚ್ಚದೆ ಹೋಗಿ, ರಾತ್ರಿ ಸ್ಕೂಟರ್ ಬಿದ್ದು, ಹೆಣ್ಮಗಳ ತೋಳು ಮುರೀತು. ರಿಸ್ಟೋರೇಶನ್ ಚಾರ್ಜ್ (ಅಗೆದ ರಸ್ತೆ ಮತ್ತೆ ಸರಿ ಮಾಡೋ ಖರ್ಚು) ಕಟ್ಟಿದೀವಿ, ಉಳಿದಿದ್ದು ನಿಮ್ಮ ಜವಾಬ್ದಾರಿ ಅಂತ ಕಂಪನಿಯವರು ಪತ್ರ ಬರೆದ್ರು. ಆ ದುಡ್ಡು ವಸೂಲಿಗೆ ಒಂದೂವರೆ ವರ್ಷ ಹಿಡೀತು. ಈಗ ಪರ್ಮಿಶನ್‌ನಲ್ಲೇ ಬ್ಯಾಂಕ್ ಗ್ಯಾರಂಟಿ, ಮೂರನೆಯವರಿಗೆ ಆಗೋ ಹಾನಿ ಪೂರ್ತಿ ಅವರದ್ದು ಅನ್ನೋ ಷರತ್ತು, ಮುಚ್ಚಿ ಒಪ್ಪಿಸಿದ ಫೋಟೋ ಬರೋವರೆಗೆ ಗ್ಯಾರಂಟಿ ಬಿಡಲ್ಲ.

ನಡುವೆ ಚೇಂಬರ್ ಮುಚ್ಚಳದ್ದೂ ಒಂದು ಪ್ರಯೋಗ ಮಾಡಿದ್ವಿ. ಬೀಡು ಕಬ್ಬಿಣದ್ದು ಕಳ್ಳತನ ಆಗುತ್ತೆ ಅಂತ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಹಾಕಿಸಿದ್ರೆ, ಹಗುರ ಇರೋದ್ರಿಂದ ಜೋರು ಮಳೇಲಿ ಒಳಗಿನ ನೀರಿನ ಒತ್ತಡಕ್ಕೆ ಎದ್ದು ಪಕ್ಕಕ್ಕೆ ಸರೀತಿತ್ತು, ಲಾಕ್ ಇರೋ ಮಾದರಿಗೆ ಬದಲಾಯಿಸ್ಬೇಕಾಯ್ತು. ಜೊತೆಗೆ ಮುಚ್ಚಳದ ಕೆಳಗೆ, ಬಿದ್ದವರನ್ನ ತಡೆಯೋ ಜಾಲಿ. 2017ರ ಆಗಸ್ಟ್ 29ರ ಮುಂಬೈ ಮಳೇಲಿ ಬಾಂಬೆ ಹಾಸ್ಪಿಟಲ್‌ನ ಹಿರಿಯ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಲ್ಲಿ ಬಿದ್ದು ತೀರ್ಕೊಂಡ್ರಲ್ಲ, ಜಾಲಿ ಇದ್ದಿದ್ರೆ ಆ ಜೀವ ಉಳೀತಿತ್ತು ಅಂತ ನನಗೆ ಈಗ್ಲೂ ಅನ್ಸುತ್ತೆ. ಒಂದು ಜಾಲಿಗೆ ನಮಗೆ ಬಿದ್ದಿದ್ದು ಎರಡೂವರೆಯಿಂದ ಮೂರು ಸಾವಿರ.

ಹೋರ್ಡಿಂಗ್ ವಿಷಯದಲ್ಲಿ ಮಾತ್ರ ಯಾರನ್ನೂ ಒಪ್ಪಿಸೋ ಕಷ್ಟ ಬರ್ಲಿಲ್ಲ. 2024ರ ಮೇ 13ರಂದು ಘಾಟ್ಕೋಪರಲ್ಲಿ 120 ಅಡಿಗೆ 120 ಅಡಿ ಹೋರ್ಡಿಂಗ್ ಪೆಟ್ರೋಲ್ ಪಂಪ್ ಮೇಲೆ ಬಿದ್ದು 17 ಜನ ಹೋದ್ರು, ಅನುಮತಿ ಇರೋ ಗರಿಷ್ಠ ಅಳತೆ 40ಕ್ಕೆ 40. ಜಾಗ ರೈಲ್ವೆ ಪೊಲೀಸರದ್ದು, ಅನುಮತಿ ಯಾರದ್ದು ಅಂತ ಆಮೇಲೆ ಇಲಾಖೆಗಳ ನಡುವೆ ಜಗಳ. ಮಾರನೇ ವಾರವೇ ನಮ್ಮ ಮುಖ್ಯಾಧಿಕಾರಿ, ನಮ್ಮ ಜಾಗ ಅಲ್ದಿದ್ರೂ ಸ್ಟ್ರಕ್ಚರಲ್ ಸರ್ಟಿಫಿಕೇಟ್ ಇಲ್ಲದ ಎಲ್ಲಾ ಹೋರ್ಡಿಂಗ್ ರಜಿಸ್ಟರಿಗೆ ಹತ್ತಲಿ ಅಂದ್ರು.

ಆಮೇಲೆ ಬಂತು 2025ರ ಅಕ್ಟೋಬರ್. ಗುಂಡಿ, ತೆರೆದ ಮ್ಯಾನ್‌ಹೋಲಿಂದ ಸತ್ತರೆ ಕುಟುಂಬಕ್ಕೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ ಎರಡೂವರೆ ಲಕ್ಷ ಅಂತ ಬಾಂಬೆ ಹೈಕೋರ್ಟ್ ಆದೇಶ ಮಾಡ್ತು. ಕ್ಲೇಮ್ ಬಂದು ಆರರಿಂದ ಎಂಟು ವಾರದೊಳಗೆ ದುಡ್ಡು ಕೊಡ್ಬೇಕು, ತಡ ಆದ್ರೆ ಶೇಕಡಾ 9 ಬಡ್ಡಿ, ಗೊತ್ತಾದ 48 ಗಂಟೆಲಿ ಗುಂಡಿ ಮುಚ್ಬೇಕು, ತಪ್ಪು ಮಾಡಿದ ಕಂಟ್ರಾಕ್ಟರ್, ಅಧಿಕಾರಿಗಳಿಂದ ವಸೂಲಿ ಮಾಡ್ಬೇಕು. ನಗರಪರಿಷತ್ತಿನಲ್ಲಿ ಮುಖ್ಯಾಧಿಕಾರಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿ ಸೇರಿದ ಸಮಿತಿ. ಸುತ್ತಮುತ್ತಲ ಪರಿಷತ್ತುಗಳಲ್ಲಿ ಯಾವ ಗುಂಡಿ ಯಾವತ್ತು ಗೊತ್ತಾಯ್ತು ಅಂತ ಹೇಳೋಕೇ ಕಾಗದ ಇರ್ಲಿಲ್ಲ, 48 ಗಂಟೆ ಎಣಿಸೋದು ಎಲ್ಲಿಂದ? ನಮ್ಮ ಕಡೆ ಮೂರೂ ಕಾಲಂ ತುಂಬಿದ ಪುಸ್ತಕ ಐದಾರು ವರ್ಷದ್ದು ಸಿದ್ಧ ಇತ್ತು, ಪ್ರಾಧಿಕಾರದವರಿಗೂ ಲೋಕ ಅದಾಲತ್ ದಿನಗಳಿಂದ ನಮ್ಮ ಪರಿಚಯ. ಸಾಕ್ಷಿ ತಯಾರು ಮಾಡಿ ಕೊಡ್ತಿದೀಯ ಅಂದಿದ್ದ ಆ ಹಿರಿಯರೇ ತಮ್ಮ ಪರಿಷತ್ತಿಗೆ ರಜಿಸ್ಟರ್ ನಮೂನೆ ಕೇಳಿ ಫೋನ್ ಮಾಡಿದ್ರು, ಕೊಟ್ಟೆ, ಖುಷಿಯಾಗೇ ಕೊಟ್ಟೆ.

ಲೆಕ್ಕ ಹೇಳ್ಬೇಕಂದ್ರೆ, ಮೊದ್ಲು ವಕೀಲರ ಫೀ, ಡಿಕ್ರಿ, ಬಡ್ಡಿ ಸೇರಿ ವರ್ಷಕ್ಕೆ ಇಪ್ಪತ್ತು ಲಕ್ಷದ ಮೇಲೆ ಹೋಗ್ತಿತ್ತು, ಈಗ ಪರಿಹಾರ, ಜಾಲಿ, ಬ್ಯಾರಿಕೇಡ್ ಎಲ್ಲ ಸೇರಿಸಿದ್ರೂ ಒಂಬತ್ತು ಹತ್ತು. ನನ್ನ ಫೀನೂ ಕಮ್ಮಿ ಆಯ್ತು, ಅದಕ್ಕೆ ಈಗ ಕೇಸಿಗಿಷ್ಟು ಅನ್ನೋದು ಬಿಟ್ಟು ತಿಂಗಳ ರಿಟೇನರ್ (ನಿಗದಿತ ಫೀ) ಮಾಡ್ಕೊಂಡಿದೀನಿ. ಬಾಕಿ ಇರೋದು ಬಜೆಟ್ ಹೆಡ್ (ಖರ್ಚಿನ ಶೀರ್ಷಿಕೆ). ಪರಿಹಾರಕ್ಕೆ ಅಂತ ಬೇರೆ ಹೆಡ್ ಇಲ್ಲದೆ ಮಾರ್ಚ್ ಬಂದ್ರೆ 'ಆಕಸ್ಮಿಕ ಖರ್ಚಿಂದ' ಎಳೀಬೇಕಾಗುತ್ತೆ, ಈ ಸಲ ಹತ್ತು ಲಕ್ಷದ ಪ್ರಸ್ತಾವ ಕೊಟ್ಟಿದೀವಿ, ಮುಂದಿನ ಸಾಮಾನ್ಯ ಸಭೆಗೆ ವಿಷಯ ಹತ್ತಿದೆ.