ನಮ್ಮ ಬೀದಿಗೂ ಬಾಡಿಗೆ ಗಾಡಿ ಬರಬೇಕಾದರೆ

ಪಕ್ಕದ ಮನೆ ಗೌರಕ್ಕ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು ಮೆಟ್ರೋ ಸ್ಟೇಷನ್‌ಗೆ ಇಪ್ಪತ್ತೈದು ನಿಮಿಷ ನಡೆಯುತ್ತಾರೆ. ಸ್ಟೇಷನ್ ಮುಂದೆ ಬಾಡಿಗೆ ಎಲೆಕ್ಟ್ರಿಕ್ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಆಚೆ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರವೂ ಇವೆ. ನಮ್ಮ ಬೀದಿಯಲ್ಲಿ ಮಾತ್ರ ಒಂದೂ ಇಲ್ಲ. "ನಾನೂ ಊರಲ್ಲಿ ಸೈಕಲ್ ತುಳಿದವಳೇ, ನಮಗ್ಯಾಕೆ ಇಲ್ಲ?" ಅಂತ ಅವರು ಕೇಳಿದ ಮೇಲೆ ನಾನು ಬೆಂಗಳೂರಲ್ಲಿ ಇದಕ್ಕಾಗಿ ಒಂದಿಷ್ಟು ಓಡಾಡಿದೆ.

ಗಾಡಿ ಕೇಳಬೇಡಿ, ಗಾಡಿ ನಿಲ್ಲಿಸುವ ಜಾಗ ಕೇಳಿ. ಯಾಕಂದರೆ ಬಾಡಿಗೆ ಕಂಪನಿಯ ಆ್ಯಪ್‌ನಲ್ಲಿ ಗುರುತು ಹಾಕಿದ ಜಾಗದಲ್ಲೇ ರೈಡ್ ಮುಗಿಸಬೇಕು. ನಾನೊಮ್ಮೆ ಸುಸ್ತಾಗಿ ಮನೆ ಮುಂದೆಯೇ ಬಿಟ್ಟೆ. ಬಾಡಿಗೆಗಿಂತ ದಂಡವೇ ಜಾಸ್ತಿ ಆಯಿತು.

ಮೊದಲು ಒಂದು ವಾರ ಎಣಿಸಿ. ಬೆಳಿಗ್ಗೆ ಐದೂವರೆ, ಒಂಬತ್ತು, ರಾತ್ರಿ ಎಂಟು. ಎಲ್ಲಿ ಎಷ್ಟು ಗಾಡಿ, ಚಾರ್ಜ್ ಇರುವುದು ಎಷ್ಟು ಅಂತ ಬರೆದಿಡಿ. ಆಮೇಲೆ ಜಾಗ ಹುಡುಕಿ. ಒಂದು ಕಾರು ನಿಲ್ಲುವಲ್ಲಿ ಎಂಟು ಹತ್ತು ಗಾಡಿ ಹಿಡಿಸುತ್ತವೆ. ಫುಟ್‌ಪಾತ್ ಮಾತ್ರ ಬೇಡ. ಕಣ್ಣು ಕಾಣದವರು, ವಯಸ್ಸಾದವರು ರಸ್ತೆಗೆ ಇಳಿಯಬೇಕಾಗುತ್ತದೆ, ಅದೂ ಅನ್ಯಾಯವೇ ಅಲ್ವಾ?

ಜಾಗ ಕೇಳುವ ಅರ್ಜಿಯನ್ನು ಕಂಪನಿಗೂ ಸರ್ಕಾರದ ನಗರ ಭೂ ಸಾರಿಗೆ ನಿರ್ದೇಶನಾಲಯಕ್ಕೂ ಕೊಡಿ. ಗೌರಕ್ಕನದು ಬಟನ್ ಫೋನ್, ಅಂಥವರ ಮಾತನ್ನೂ ಸೇರಿಸಿ. ಆ್ಯಪ್ ಇಲ್ಲದೆ ಆಗಲ್ಲ ಅಂದರೆ ಮೈಸೂರು ತೋರಿಸಿ. ಅಲ್ಲಿ 2017ರಲ್ಲಿ ಟ್ರಿನ್ ಟ್ರಿನ್ ಅನ್ನುವ ಬಾಡಿಗೆ ಸೈಕಲ್ ಶುರುವಾಗಿದ್ದೇ ಸ್ಮಾರ್ಟ್ ಕಾರ್ಡ್ ಇಟ್ಟುಕೊಂಡು. ಲೈಸೆನ್ಸ್ ಬಗ್ಗೆ ಸುಮ್ನೆ ಹೆದರಬೇಡಿ. ಮೋಟಾರು 250 ವ್ಯಾಟ್‌ಗಿಂತ ಕಮ್ಮಿ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಲೈಸೆನ್ಸ್ ಬೇಕಿಲ್ಲ.

ಉತ್ತರ ಬರದಿದ್ದರೆ ನಿರ್ದೇಶನಾಲಯಕ್ಕೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ, ಹಾಕಿ. ಶುಲ್ಕ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ನಾನು ಮೊದಲ ಸಲ "ನಮಗೆ ಯಾಕಿಲ್ಲ" ಅಂತ ಬರೆದು ಕೆಟ್ಟೆ. ಆರ್‌ಟಿಐನಲ್ಲಿ ಕಾರಣ ಕೇಳಬಾರದು, ದಾಖಲೆ ಕೇಳಬೇಕು. "ಈ ವಾರ್ಡಿನಲ್ಲಿ ಬಾಡಿಗೆ ಗಾಡಿ ನಿಲ್ಲಿಸಲು ಅನುಮತಿ ಕೊಟ್ಟ ಜಾಗಗಳ ಪಟ್ಟಿ ಕೊಡಿ" ಅಂತ ಬರೆಯಿರಿ.

ಜಾಗ ಕೇಳುವ ಅರ್ಜಿಗೆ ಬೀದಿಯವರ ಸಹಿ ಬೇಕು. ಆ ಜಾಗದ ಎದುರಿನ ಅಂಗಡಿಯವರದ್ದು ಮೊದಲು. ಇಲ್ಲದಿದ್ದರೆ ಗಾಡಿ ಬಂದ ದಿನವೇ ಪಕ್ಕಕ್ಕೆ ತಳ್ಳುತ್ತಾರೆ. ನಮ್ಮ ಟೀ ಅಂಗಡಿಯಣ್ಣ "ನನ್ನ ಗಿರಾಕಿಗಳ ಬೈಕ್ ಎಲ್ಲಿ ನಿಲ್ಲಿಸೋದು?" ಅಂತ ಮೂರು ದಿನ ನನ್ನನ್ನು ಸತಾಯಿಸಿದರು. ನಾಲ್ಕನೇ ದಿನ ಗೌರಕ್ಕನೇ ಹಾಳೆ ಹಿಡಿದು ಹೋದರು. ದಿನಾ ಅವರ ಅಂಗಡಿಯ ಮೊದಲ ಟೀ ಕುಡಿಯುವುದು ಗೌರಕ್ಕನೇ. ಸಹಿ ಬಿತ್ತು.