ಗ್ರಾಫಿಕ್ಸ್ ಕಾರ್ಡ್ ಇಲ್ಲದ ಪಿಸಿಗೆ ರ‍್ಯಾಮ್ ಜೋಡಿಯಾಗಿ ತಗೊಳ್ಳಿ

ರೈಜೆನ್ 5 5600ಜಿ ತರಹದ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಹಾಕಿ, ಸದ್ಯಕ್ಕೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೇ ಗೇಮ್ ಆಡುವ ಪ್ಲಾನ್ ಇದ್ದರೆ 16 ಜಿಬಿಯ ಒಂದೇ ರ‍್ಯಾಮ್ ಬೇಡ, 8 ಜಿಬಿಯ ಎರಡು ತಗೊಳ್ಳಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡಿದ್ದರೆ ಡೇಟಾ ಓಡಾಡುವ ದಾರಿ 64 ಬಿಟ್‌ನಿಂದ 128 ಬಿಟ್‌ಗೆ ಅಗಲವಾಗುತ್ತದೆ. ಗೇಮ್ ತಡವರಿಸುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ರ‍್ಯಾಮ್ ಕೂರಿಸಲು ನಾಲ್ಕು ಸ್ಲಾಟ್ ಇರುವ ಮದರ್‌ಬೋರ್ಡಾದರೆ ಸುಮ್ನೆ ಪಕ್ಕಪಕ್ಕ ಹಾಕಬೇಡಿ. ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದರಲ್ಲಿ ಹಾಕಬೇಕು, ಬೋರ್ಡಿನ ಪುಸ್ತಕ ಒಮ್ಮೆ ನೋಡಿಬಿಡಿ (ಯಾರೂ ನೋಡಲ್ಲ, ಗೊತ್ತು!). ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದವರಿಗೆ ಇಷ್ಟು ಜಾಸ್ತಿ ವ್ಯತ್ಯಾಸ ಸಿಗುವುದಿಲ್ಲ. ಇನ್ನು ಎರಡೇ ಸ್ಲಾಟ್ ಇದ್ದರೆ, ಮುಂದೆ 32 ಜಿಬಿ ಬೇಕೆಂದಾಗ ಎರಡನ್ನೂ ತೆಗೆದು ಹೊಸದು ಹಾಕಬೇಕಾಗುತ್ತದೆ.